ಆಂಡೀಸ್ ಗಿರಿಗಳಲ್ಲಿ ಒಂದು ಸುಖಪ್ರವಾಸ

'ಸಾಹಸ'ವೆಂಬ ಶಬ್ದಕ್ಕೆ ನಮ್ಮ ಧರ್ಮಶಾಸ್ತ್ರಕಾರರು ಹೇಳಿರುವ ಅರ್ಥವು ಈಗಿನವರಿಗೆ ಆಶ್ಚರ್ಯವನ್ನುಂಟುಮಾಡತಕ್ಕುದು. ಸಹಸ್ ಎಂದರೆ ಬಲ. ಬಲಾತ್ಕಾರದಿಂದ ಎಸಗಿದ ಅಪರಾಧವೇ ಸಾಹಸ. ಅದಕ್ಕೆ ವಿಧಿಸುವ ದಂಡಕ್ಕೂ ಅದೇ ಹೆಸರು. ಕಾಲಾಂತರದಲ್ಲಿ ಆ ಶಬ್ದವು ಕಳಂಕವನ್ನು ತೊಳೆದುಕೊಂಡು ಧೈರ್ಯವೆಂಬ ಸದರ್ಥವನ್ನು ಪಡೆಯಿತು. ದಕ್ಷಿಣ ಅಮೆರಿಕೆಯ ಪೆರು ದೇಶಕ್ಕೆ ನನ್ನನ್ನು ಕರೆದೊಯ್ಯಲು ನಿಶ್ಚಯಿಸಿದ್ದ ಮಗನು ಕೈಗಿತ್ತ ಪುಸ್ತಿಕೆಯಲ್ಲಿ ಆ ಯಾತ್ರೆಯನ್ನು 'ಸಾಹಸ'ವೆಂದೂ 'ಸುಖ'ವೆಂದೂ ಒಂದೇ ವಾಕ್ಯದಲ್ಲಿ ವರ್ಣಿಸಿದ್ದರು. ಇವೆರಡೂ ಒಂದೆಡೆ ಇರುವುದೆಂತು ಎಂದು ಕೇಳಿದೆ. "ಹೋಗಿ ನೋಡಿದರೆ ತಿಳಿಯುತ್ತದೆ, ಅಣ್ಣಾ" ಎಂದನು.

ಕಡಲ ತಡಿಯ ಲಿಮಾ ನಗರದಿಂದ ವಿಮಾನವು ನಮ್ಮನ್ನು ಇಂಕರ ಪ್ರಾಚೀನ ರಾಜಧಾನಿಯಾದ ಕುಸ್ಕೋದಲ್ಲಿ ಇಳಿಸಿತು. ಈ ಊರು ಸಮುದ್ರಮಟ್ಟದಿಂದ ಸುಮಾರು ೩೪೦೦ ಮೀಟರು ಎತ್ತರದಲ್ಲಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ೨೦೦೦ ಮೀಟರನ್ನು ಮುಟ್ಟದೆಂಬುದನ್ನು ನೆನೆದರೆ, ಅಲ್ಲಿ ಅಂಗಡಿಬೀದಿಯಲ್ಲಿ ನಡೆಯುವುದೂ ಒಂದು ಪರ್ವತಾರೋಹಣವೇ ಸರಿ. ಇಂಕರ ಸೂರ್ಯದೇಗುಲದ ಗೋಡೆಗಳ ಮೇಲೆ ಸ್ಪೇನಿನವರು ತಮ್ಮ ಮಠವನ್ನು ಕಟ್ಟಿಕೊಂಡಿದ್ದಾರೆ. ಕೆಳಗಣ ಕಲ್ಲುಗಳ ಸಂದಿಯಲ್ಲಿ ಸೂಜಿಯೂ ತೂರದು. ಈ ವಿಚಾರವನ್ನು ಬರೆದವರು ಬಹುಮಂದಿ. ಆದುದರಿಂದ ನಾನು ಮುಂದಕ್ಕೆ ಹೋಗುತ್ತೇನೆ.

ಮಚುಪಿಚುವಿಗೆ ಹೋಗುವ ಪ್ರಸಿದ್ಧವಾದ ಇಂಕಮಾರ್ಗವನ್ನು ಬಿಟ್ಟು, ಜನಸಂದಣಿಯಿಲ್ಲದ ಲಾರೆಸ್ ಕಣಿವೆಯನ್ನು ಮಗನು ಆರಿಸಿದ್ದನು. ಇಂಕಮಾರ್ಗದಲ್ಲಿ ದಿನಕ್ಕೆ ಐನೂರು ಮಂದಿಗೆ ಮಾತ್ರ ಪ್ರವೇಶ, ಹೊರೆಯಾಳುಗಳೂ ಆ ಲೆಕ್ಕದೊಳಗೇ ಸೇರಿದವರು. ಅಲ್ಲಿ ಹೇರುವ ಪಶುಗಳಿಗೆ ಎಡೆಯಿಲ್ಲವಾದುದರಿಂದ ಡೇರೆ, ಪಾತ್ರೆ, ಅಕ್ಕಿ, ಕುರ್ಚಿ ಎಲ್ಲವೂ ಮನುಷ್ಯರ ಬೆನ್ನಿನ ಮೇಲೆಯೇ ಸಾಗಬೇಕು. ಒಬ್ಬ ಆಳು ಇಪ್ಪತ್ತು ಕಿಲೋಗಿಂತ ಹೆಚ್ಚು ಹೊರಕೂಡದೆಂದು ೨೦೦೧ರಲ್ಲಿ ಪೆರು ದೇಶದವರು ಕಾನೂನು ಮಾಡಬೇಕಾಯಿತೆಂದರೆ, ಅದಕ್ಕೆ ಮುಂಚೆ ಎಷ್ಟು ಹೊರುತ್ತಿದ್ದರೆಂಬುದನ್ನು ವಾಚಕರೇ ಊಹಿಸಬಹುದು. ನಮ್ಮ ದಾರಿಯಲ್ಲಿ ಕುದುರೆಗಳಿದ್ದುವು. ಅಷ್ಟರ ಮಟ್ಟಿಗೆ ನನ್ನ ಮನಸ್ಸು ಹಗುರಾಗಿತ್ತು.

ಪಿಸಾಕ್, ಲಮಾಯ್ ಊರುಗಳನ್ನು ದಾಟಿ ಹುವಾಕಾಹುವಾಸಿ ಎಂಬ ಹಳ್ಳಿಯನ್ನು ಸೇರಿದೆವು. ಅಲ್ಲಿಯ ವಸತಿಗೃಹವನ್ನು ಏನೆಂದು ಹೇಳಲಿ! ಹೊರಗೆ ಜೂನ್ ತಿಂಗಳ ಹಿಮಗಾಳಿ. ಒಳಗೆ ಕಂಬಳಿಯ ಕೆಳಗೆ ಬಿಸಿನೀರಿನ ಚೀಲವನ್ನು ಮೊದಲೇ ಇಟ್ಟಿದ್ದ ಹಾಸಿಗೆ. ಅಂಗಳದಲ್ಲಿ ಹೊಗೆಯಾಡುವ ನೀರಿನ ತೊಟ್ಟಿ. ಅದರೊಳಗೆ ಕೊರಳುದ್ದ ಕುಳಿತು ಎದುರಿನ ಹಿಮಶಿಖರವನ್ನು ನೋಡಬಹುದು. ನಾನೂ ಕುಳಿತೆ, ಸುಳ್ಳೇಕೆ ಹೇಳಬೇಕು, ಮೊಣಕಾಲಿನ ನೋವು ಮಾಯವಾಯಿತು. ಬೇಲಿಯಾಚೆಯ ಬಯಲಿನಲ್ಲಿ ಒಂದು ಸಂಸಾರದವರು ಬರಿಗಾಲಿನಿಂದ ಆಲೂಗಡ್ಡೆಯನ್ನು ತುಳಿಯುತ್ತಿದ್ದರು. ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿದ ಗಡ್ಡೆಯನ್ನು ಹಗಲು ತುಳಿದು ನೀರು ತೆಗೆದು ಒಣಗಿಸಿದರೆ ಅದು 'ಚುನ್ಯೊ' ಆಗುವುದು, ವರ್ಷಗಟ್ಟಲೆ ಕೆಡದು. ಆಲೂಗಡ್ಡೆಯ ತವರು ಇದೇ ಆಂಡೀಸ್. ನಮ್ಮ ಕರಾವಳಿಯವರು ಪೋರ್ಚುಗೀಸರಿಂದ ಕಲಿತು ಬಟಾಟೆಯೆನ್ನುವ, ಹಾಸನದ ರೈತರು ಹೊಲ ತುಂಬ ಬೆಳೆಯುವ ಗಡ್ಡೆಯ ಪೂರ್ವಜರನ್ನು ಆ ಬಯಲಿನಲ್ಲಿ ಕಪ್ಪು, ನೇರಳೆ, ಕೆಂಪು ಬಣ್ಣಗಳಲ್ಲಿ ಕಂಡೆನು.

ನಮಗೆ ದಾರಿ ತೋರಿಸಲು ಬಂದಿದ್ದವಳು ಆ ನಾಡಿನ ಕೆಚುವಾ ಭಾಷೆಯನ್ನಾಡುವ ತರುಣಿ. ನಾನು ಮೇಷ್ಟ್ರಾಗಿದ್ದವನೆಂದು ತಿಳಿದ ಮೇಲೆ ರಾತ್ರಿ ಊಟವಾದ ಬಳಿಕ ಅವಳೇ ನನಗೆ ಮೇಷ್ಟ್ರಾದಳು. 'ವಸಿ' ಎಂದರೆ ಮನೆ, 'ವಸಿಕುನ' ಎಂದರೆ ಮನೆಗಳು, 'ವಸಿಕುನಪಿ' ಎಂದರೆ ಮನೆಗಳಲ್ಲಿ. ನಮ್ಮ ಮನೆ-ಗಳ್-ಅಲ್ಲಿಯಂತೆಯೇ ಪ್ರತ್ಯಯದ ಮೇಲೆ ಪ್ರತ್ಯಯ! ವಸಿಯೆಂದೊಡನೆ ಸಂಸ್ಕೃತದ ವಸ್ ಧಾತು ನನ್ನ ನಾಲಗೆಯ ತುದಿಗೆ ಬಂದಿತು. ಆದರೆ ಇಂತಹ ಕಾಕತಾಳೀಯವನ್ನು ನೆಚ್ಚಿ ನಗೆಗೀಡಾದವರನ್ನು ನಾನು ಕಂಡಿರುವುದರಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ಅವಳು ಹೇಳಿದ ವಿಷಯವು ನನ್ನ ನಿದ್ದೆಯನ್ನು ಕೆಡಿಸಿತು. ಅವರ ಭಾಷೆಯಲ್ಲಿ 'ನಾವು' ಎಂಬುದಕ್ಕೆ ಎರಡು ಶಬ್ದಗಳುಂಟು. 'ಞೊಕಂಚಿಸ್' ಎಂದರೆ ನೀವೂ ಸೇರಿದ ನಾವು. 'ಞೊಕಯ್ಕು' ಎಂದರೆ ನಿಮ್ಮನ್ನು ಬಿಟ್ಟು ನಾವು. ತುಳುವಿನ 'ನಮ', 'ಎಂಕುಲು' ಎಂಬಂತೆ. ತೆಲುಗಿನ 'ಮನಮು', 'ಮೇಮು' ಎಂಬಂತೆ. ಇಬ್ಬರಿಗೆಂದು ಬೇರೆ ದ್ವಿವಚನವನ್ನೇ ಇರಿಸಿಕೊಂಡ ಸಂಸ್ಕೃತಕ್ಕೂ ಈ ಭೇದವಿಲ್ಲ. ನಮ್ಮ ಕನ್ನಡದ 'ನಾವು' ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸುತ್ತದೆ.

ಅವಳ ಅಜ್ಜನು ಜಮೀನ್ದಾರನೊಬ್ಬನ ಹೊಲದಲ್ಲಿ ಕೂಲಿಯಿಲ್ಲದೆ ದುಡಿದವನಂತೆ. ೧೯೬೯ರ ಭೂಸುಧಾರಣೆಯ ಶಾಸನದಿಂದ ಅಂತಹ ಜಮೀನುಗಳು ರೈತರ ಪಾಲಿಗೆ ಬಂದುವು. ೧೯೭೫ರಲ್ಲಿ ಕೆಚುವಾಕ್ಕೆ ರಾಜಭಾಷೆಯ ಸ್ಥಾನ ದೊರೆಯಿತು. "ಅಜ್ಜನು ಒಡೆಯನೆದುರಿಗೆ ಮಾತಾಡುವಾಗ ಯಾವ 'ನಾವು' ಹೇಳುತ್ತಿದ್ದನಮ್ಮಾ?" ಎಂದು ಕೇಳಿದೆ. ಅವಳು ನಕ್ಕಳು. "ಒಡೆಯನೆದುರಿಗೆ ಅಜ್ಜ ಮಾತಾಡುತ್ತಲೇ ಇರಲಿಲ್ಲ" ಎಂದಳು.

ಮರುದಿನ ಪಟಕಾಂಚಾ ಎಂಬ ಹಳ್ಳಿಗೆ ಹೋಗಲು ೪೪೦೦ ಮೀಟರಿಗೂ ಮೇಲ್ಪಟ್ಟ ಒಂದು ಕಣಿವೆಬಾಯಿಯನ್ನು ಏರಬೇಕು. ಅಲ್ಲಿಯ ಗಾಳಿಯಲ್ಲಿ ಉಸಿರಿಗೆ ದಕ್ಕುವ ಪ್ರಾಣವಾಯು ಸಮುದ್ರತೀರದಲ್ಲಿರುವುದರ ಐದರಲ್ಲಿ ಮೂರು ಪಾಲಿನಷ್ಟು. ಬೆಳಗ್ಗೆ ಕೋಕಾ ಎಲೆಯ ಕಷಾಯ ಕುಡಿದು ಹೊರಟೆ. ಮಗನು ಮುಂದೆ ಹೋದನು. ಒಂದು ಗಂಟೆಯ ಬಳಿಕ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಎರಡನೆಯ ಗಂಟೆಗೆ ತಲೆಯು ಸಿಡಿಯತೊಡಗಿ, ಕುಡಿದ ಕಷಾಯವೆಲ್ಲ ಹೊರಗೆ ಬಂದಿತು. ಹಿಂದಿನಿಂದ ಬರುತ್ತಿದ್ದ ಕುದುರೆಯಾಳು ಕುದುರೆಯನ್ನು ತಂದು ನಿಲ್ಲಿಸಿದನು. ಬೇಡವೆಂದೆ. ಮೂರು ಸಲ ಬೇಡವೆಂದೆ. ನಾಲ್ಕನೆಯ ಸಲ ಹೇಳುವುದಕ್ಕೆ ಉಸಿರಿರಲಿಲ್ಲ.

ಆತನಿಗೆ ಐವತ್ತು ವರ್ಷವಿರಬಹುದು. ಹಳೆಯ ಮೋಟಾರು ಟಯರಿನಿಂದ ಕೊಯ್ದ ಚಪ್ಪಲಿ, ಗುಲಗಂಜಿಯ ಕೆಂಪಿನ ಕಂಬಳಿಯಂಗಿ. ನನ್ನನ್ನು ಮಗುವಿನಂತೆ ಎತ್ತಿ ಜೀನಿನ ಮೇಲೆ ಕೂರಿಸಿ, "ತೈತಾಯ್" ಎಂದನು. 'ತಾಯಿ' ಎಂದಂತೆ ಕೇಳಿಸಿತು. ಅದರ ಅರ್ಥ 'ನನ್ನಪ್ಪ' ಎಂದಂತೆ. ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈ ನನ್ನ ಮೊಣಕಾಲಿನ ಮೇಲೆ. ಹೀಗೆಯೇ ನೆತ್ತಿಯವರೆಗೆ ನಡೆದನು. ನಲವತ್ತು ವರ್ಷ ಹುಡುಗರಿಗೆ ಸ್ವಾವಲಂಬನದ ಪಾಠವನ್ನು ಹೇಳಿದವನು ನಾನು. ನಾಚಿಕೆಯಾಯಿತು, ಅದಕ್ಕಿಂತ ಮಿಗಿಲಾಗಿ, ಬದುಕಿದೆನೆಂದು ಸಂತೋಷವಾಯಿತು.

ನೆತ್ತಿಯಲ್ಲಿ ದಾರಿಹೋಕರು ಒಂದೊಂದಾಗಿ ಇಟ್ಟ ಕಲ್ಲುಗಳ ರಾಶಿಯಿತ್ತು. ಆತನು ಎರಡು ಕಲ್ಲುಗಳನ್ನಿಟ್ಟನು. ಎರಡನೆಯದು ಕೆಳಗಿಳಿಯಲಾರದ ನನ್ನ ಪರವಾಗಿ. ಬಳಿಕ ಮೂರು ಕೋಕಾ ಎಲೆಗಳನ್ನು ಹಿಡಿದು, ಶಿಖರದ ಕಡೆಗೆ ಊದಿ, 'ಅಪುಯ್ಕು' ಎಂದನು. ನಮ್ಮ ಗಿರಿದೇವ ಎಂದು ತರುಣಿ ಅರ್ಥ ಹೇಳಿದಳು. ಕೊನೆಯ ಪ್ರತ್ಯಯವನ್ನು ನಾನು ಗುರುತಿಸಿದ್ದೆ. ನನ್ನನ್ನು ಬಿಟ್ಟು ನಮ್ಮ. ನ್ಯಾಯವೇ. ಆ ಗಿರಿದೇವನಿಗೆ ನಾನು ಯಾರು?

ಆಚೆಗಿಳಿದು ಸರೋವರದ ತಡಿಗೆ ಬಂದರೆ, ಹುಲ್ಲಿನ ಮೇಲೆ ಬಿಳಿಯ ಬಟ್ಟೆ ಹಾಸಿದ ಮೇಜು, ಕುರ್ಚಿಗಳು, ಗಾಜಿನ ಲೋಟಗಳು! ಎಲ್ಲವೂ ನಮಗಿಂತ ಮುಂಚೆ ಅದೇ ದಾರಿಯನ್ನೇರಿ ಬಂದಿದ್ದುವು. ಶಾಕಾಹಾರಿಯಾದ ನನಗೆಂದು ಬೇರೆಯಾಗಿ ಮಾಡಿದ್ದ ಸಾರನ್ನು ಎರಡು ಸಲ ಹಾಕಿಸಿಕೊಂಡೆ. ಕುದುರೆಯಾಳುಗಳು ದೂರದಲ್ಲಿ ಕುಳಿತು ಬೇಯಿಸಿದ ಗಡ್ಡೆಗಳನ್ನು ಸುಲಿದು ತಿನ್ನುತ್ತಿದ್ದರು.

ಪಟಕಾಂಚಾದಲ್ಲಿ ಬೀಳ್ಕೊಡುವ ಹೊತ್ತು ಬಂದಿತು. ಅವರ ಹಳ್ಳಿಗಳಲ್ಲಿ 'ಐನಿ' ಎಂಬ ಪದ್ಧತಿಯುಂಟು. ಇಂದು ನೀನು ನನ್ನ ಹೊಲಕ್ಕೆ ಬಂದರೆ ನಾಳೆ ನಾನು ನಿನ್ನ ಹೊಲಕ್ಕೆ, ನಮ್ಮ ಮುಯ್ಯಾಳಿನಂತೆಯೇ. ಆತನ ಉಪಕಾರಕ್ಕೆ ನಾನು ಮಾಡತಕ್ಕ ಐನಿ ಯಾವುದೆಂದು ತರುಣಿಯ ಮೂಲಕ ಕೇಳಿಸಿದೆ. ಆತನು ಸ್ವಲ್ಪ ಯೋಚಿಸಿ, "ನೀವು ಬಂದು ನನ್ನ ಹೊಲ ಅಗೆಯಲಾರಿರಿ, ಅಪ್ಪಾ" ಎಂದನಂತೆ. ಎಲ್ಲರೂ ನಕ್ಕೆವು. ನೂರು ಸೋಲಿನ ನೋಟನ್ನು ಕೊಟ್ಟೆ. ಆತನು ಬೇಡವೆನ್ನುವನೆಂದು ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ನಿರೀಕ್ಷೆಯಿತ್ತು; ಕಥೆಗಳನ್ನು ಓದಿದವರಿಗೆ ಹೀಗಾಗುವುದು. ಆತನು ನೋಟನ್ನು ಬೆಳಕಿಗೆ ಹಿಡಿದು ನೋಡಿ, ಮಡಿಸಿ, ಟೋಪಿಯೊಳಗಿಟ್ಟುಕೊಂಡನು. ಬಳಿಕ ಎರಡು ಕೈಗಳಿಂದ ನನ್ನ ಕೈ ಹಿಡಿದು, "ತುಪನಂಚಿಸ್ಕಾಮ" ಎಂದನು.

ಬಂಡಿಯಲ್ಲಿ ಕುಳಿತ ಮೇಲೆ ಆ ಶಬ್ದವನ್ನು ಬಿಡಿಸಿದೆ. ತುಪ, ಸಂಧಿಸು, ನ, ಸಂಧಿಸಬೇಕಾದುದು, ಕಾಮ, ವರೆಗೆ. ಮತ್ತೆ ಭೇಟಿಯಾಗುವವರೆಗೆ ಎಂದರ್ಥ. ನಡುವೆ ಉಳಿದದ್ದು 'ಞ್ಚಿಸ್'. ನಾನೂ ಸೇರಿದ 'ನಾವು'! ಉತ್ಸಾಹದಿಂದ ತರುಣಿಗೆ ಹೇಳಿದೆ. ಅವಳು, "ಬೀಳ್ಕೊಡುವಾಗ ಎಲ್ಲರಿಗೂ ಹಾಗೆಯೇ ಅನ್ನುವುದು, ಮೇಷ್ಟ್ರೇ. ಇನ್ನೊಂದು ಪ್ರತ್ಯಯ ಹಾಕಿದರೆ ಮಾತು ಕೂಡುವುದಿಲ್ಲ" ಎಂದಳು.

ಕಿಟಕಿಯಿಂದ ಹಿಂದಿರುಗಿ ನೋಡಿದೆ. ಕತ್ತಲಾಗುವುದಕ್ಕೆ ಮುಂಚೆ ಮನೆ ಸೇರಬೇಕೆಂದು ಆತನು ಕುದುರೆಗಳನ್ನು ಹೊಡೆದುಕೊಂಡು ಅದೇ ದಾರಿಯನ್ನು ಮರಳಿ ಏರುತ್ತಿದ್ದನು. ನಾನು ಕುಳಿತು ಬಂದಿದ್ದ ಕುದುರೆಯ ಬೆನ್ನಿನ ಮೇಲೆ ಊಟದ ಮೇಜನ್ನು ಮಡಿಸಿ ಕಟ್ಟಿದ್ದರು.