ಕಾರವಾರದ ಕೊಲ್ಲಿಯಲ್ಲಿ ಸೂರ್ಯಾಸ್ತ

ಕಾರವಾರದ ಸೂರ್ಯಾಸ್ತವನ್ನು ನೋಡಲು ಹೋದವರಲ್ಲಿ ಬಹುಮಂದಿ ಅದನ್ನು ದಂಡೆಯ ಮೇಲೆ ಕುಳಿತೇ ನೋಡಿ ಬರುತ್ತಾರೆ. ಮರಳಿನ ಮೇಲೆ ಕಾಲು ಚಾಚಿ, ಕೈಯಲ್ಲೊಂದು ಶೇಂಗಾ ಪೊಟ್ಟಣ ಹಿಡಿದು, ಕೆಂಪು ಬಿಂಬವು ನೀರಿಗಿಳಿಯುವುದನ್ನು ಕಾಣುವುದರಲ್ಲಿ ಸುಖವಿಲ್ಲದೆ ಇಲ್ಲ. ಆದರೆ ಅಲ್ಲಿ ನಾವು ಪ್ರೇಕ್ಷಕರು ಮಾತ್ರ. ಅದೇ ಹೊತ್ತಿನಲ್ಲಿ ಕಯಾಕಿನಲ್ಲಿ ಕುಳಿತು ಕೊಲ್ಲಿಯ ನಡುವೆ ಹೋದವನಿಗೆ ಕಡಲು ಕಾಣುವ ಬಗೆಯೇ ಬೇರೆ.

ಕಯಾಕ್ ನಮ್ಮ ನಾಡಿನದಲ್ಲ. ಉತ್ತರ ಧ್ರುವದ ಸಮೀಪದ ಹಿಮಪ್ರದೇಶಗಳಲ್ಲಿ ಇನ್ಯೂಟ್ ಜನರು ಕಟ್ಟಿಗೆಯ ಇಲ್ಲವೆ ಎಲುಬಿನ ಚೌಕಟ್ಟಿಗೆ ಸೀಲ್ ಎಂಬ ಕಡಲಪ್ರಾಣಿಯ ಚರ್ಮವನ್ನು ಬಿಗಿದು ಮಾಡಿಕೊಂಡ ಬೇಟೆಯ ದೋಣಿ ಅದು. ಇಂದು ನಮಗೆ ದೊರೆಯುವುದು ಪ್ಲಾಸ್ಟಿಕ್ಕಿನ, ಮೇಲೆ ಕುಳಿತು ಸಾಗುವ ಸುಲಭವಾದ ಮಾದರಿ. ಎರಡು ತುದಿಗೂ ಅಲಗುಳ್ಳ ಒಂದೇ ಹುಟ್ಟು. ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಹೋದರೆ ದೋಣಿ ಸಾಗುತ್ತದೆ. ಎಂಜಿನ್ನಿನ ಸದ್ದಿಲ್ಲ, ಎಣ್ಣೆಯ ವಾಸನೆಯಿಲ್ಲ.

ಇಂಥ ಚಿಕ್ಕ ದೋಣಿಗೆ ಕಾರವಾರದ ಕೊಲ್ಲಿ ಒದಗಿಬಂದದ್ದು ಅದರ ರಚನೆಯಿಂದ. ತೆಂಕಣ ತುದಿಯಲ್ಲಿ ಬೈತಕೋಲದ ಗುಡ್ಡ ಮಡಿಸಿದ ಮೊಣಕೈಯಂತೆ ಕಡಲೊಳಕ್ಕೆ ಚಾಚಿದೆ. ಬಡಗಣ ತುದಿಯಲ್ಲಿ ಕಾಳಿ ನದಿ ಸಮುದ್ರವನ್ನು ಸೇರುತ್ತದೆ. ಅದರ ಆಚೆಯ ದಡದಲ್ಲಿ ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡ. ಎದುರಿಗೆ ಕುರುಮಗಡ, ದೇವಗಡ ಮೊದಲಾದ ನಡುಗಡ್ಡೆಗಳು. ದೇವಗಡದ ನೆತ್ತಿಯ ಮೇಲೆ 1864ರ ದೀಪಸ್ತಂಭ. ನೈಋತ್ಯದಿಂದ ಬರುವ ದೊಡ್ಡ ಅಲೆಗಳು ಗುಡ್ಡಕ್ಕೂ ನಡುಗಡ್ಡೆಗಳಿಗೂ ತಾಗಿ ಬಲಗುಂದಿದ ಮೇಲೆಯೇ ದಂಡೆಯನ್ನು ಮುಟ್ಟುತ್ತವೆ. ಕಡಲಿನ ಆರ್ಭಟಕ್ಕೆ ಬೆನ್ನು ಕೊಟ್ಟು, ಒಳಗಿನ ನೀರನ್ನು ಮಡಿಲಲ್ಲಿಟ್ಟುಕೊಂಡ ತಾಣ ಅದು.

ಮಾಘಮಾಸದ ಒಂದು ಸಂಜೆ ಐದರ ಹೊತ್ತಿಗೆ ನಾನೂ ಭೌತಶಾಸ್ತ್ರದ ಅಧ್ಯಾಪಕರಾದ ನನ್ನ ಮಿತ್ರರೂ ಇಬ್ಬರು ಕೂರುವ ಕಯಾಕನ್ನು ನೀರಿಗಿಳಿಸಿದೆವು. ಬೇರೊಂದು ಕಯಾಕಿನಲ್ಲಿ ಮುಂದೆ ಸಾಗಿದವನು ಮೀನುಗಾರರ ಮನೆತನದ ತರುಣ. ನಮ್ಮ ಜೀವರಕ್ಷಕ ಅಂಗಿಗಳ ಪಟ್ಟಿಗಳನ್ನು ತಾನೇ ಎಳೆದು ನೋಡಿದ ಹೊರತು ಅವನು ಹೊರಡಲಿಲ್ಲ. ಪಡುವಣ ಗಾಳಿ ಇನ್ನೂ ಬೀಸುತ್ತಿತ್ತು. ಸಣ್ಣ ತೆರೆಗಳು ದೋಣಿಯ ಮೂತಿಗೆ ಬಡಿದು ನಮ್ಮ ಮೊಣಕಾಲುಗಳನ್ನು ತೋಯಿಸಿದವು. “ಸ್ವಲ್ಪ ತಡೀರಿ ಸರ್, ಹೊತ್ತು ಮುಳುಗುವಾಗ ಗಾಳಿ ಬೀಳ್ತದೆ,” ಎಂದ ತರುಣ.

ಅವನ ಮಾತಿಗೆ ಮಿತ್ರರು ಶಾಸ್ತ್ರದ ಬೆಂಬಲ ಕೊಟ್ಟರು. ಹಗಲಿನಲ್ಲಿ ನೆಲ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ಬೀಸುತ್ತದೆ. ರಾತ್ರಿ ನೆಲ ಬೇಗ ಆರುವುದರಿಂದ ಗಾಳಿ ನೆಲದಿಂದ ಕಡಲಿಗೆ ತಿರುಗುತ್ತದೆ. ಇವೆರಡರ ನಡುವೆ ಯಾವ ಗಾಳಿಯೂ ಇಲ್ಲದ ಸ್ವಲ್ಪ ಹೊತ್ತು ಉಂಟು. ಅದು ಸೂರ್ಯಾಸ್ತದ ಸಮಯಕ್ಕೆ ಹೊಂದಿಬಂದರೆ ನೀರು ಕನ್ನಡಿಯಾಗುತ್ತದೆ. ಅವರ ಇನ್ನೊಂದು ಲೆಕ್ಕ ನನಗೆ ಹೆಚ್ಚು ಹಿಡಿಸಿತು. ದಂಡೆಯಲ್ಲಿ ನಿಂತವನಿಗೆ ದಿಗಂತವು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರ. ಕಯಾಕಿನಲ್ಲಿ ಕುಳಿತವನ ಕಣ್ಣು ನೀರಿನಿಂದ ಮುಕ್ಕಾಲು ಮೀಟರಿನಷ್ಟೇ ಎತ್ತರದಲ್ಲಿರುವುದರಿಂದ ಅವನ ದಿಗಂತ ಮೂರು ಕಿಲೋಮೀಟರ್ ಮಾತ್ರ! “ಲೋಕ ಚಿಕ್ಕದಾಯಿತು ನೋಡಿ,” ಎಂದರು. ಲೋಕ ಚಿಕ್ಕದಾದಷ್ಟೂ ಕಡಲು ದೊಡ್ಡದಾಗಿತ್ತು.

ಸ್ವಲ್ಪ ದೂರದಲ್ಲಿ ಮುದುಕನೊಬ್ಬ ಪಾತಿ ದೋಣಿಯಲ್ಲಿ ಬಲೆ ಬಿಡುತ್ತಿದ್ದ. ನಾವಿಬ್ಬರೂ ಏದುಸಿರು ಬಿಡುತ್ತ ಸಾಗಿದ ದೂರವನ್ನು ಅವನು ಒಂದೇ ಅಲಗಿನ ಹುಟ್ಟಿನಿಂದ, ಮನೆಯಂಗಳದಲ್ಲಿ ನಡೆದಂತೆ, ದಾಟಿಹೋದ. ಹೋಗುತ್ತ ತರುಣನೊಡನೆ ಕೊಂಕಣಿಯಲ್ಲಿ ಏನನ್ನೋ ಹೇಳಿ ನಕ್ಕ. ಅರ್ಥವೇನೆಂದು ನಾವು ಕೇಳಲಿಲ್ಲ. ಊಹಿಸುವುದು ಕಷ್ಟವೂ ಆಗಿರಲಿಲ್ಲ.

ಆರು ಗಂಟೆಯ ಹೊತ್ತಿಗೆ ಗಾಳಿ ಬಿತ್ತು. ಹುಟ್ಟುಗಳನ್ನು ತೊಡೆಯ ಮೇಲಿಟ್ಟು ಸುಮ್ಮನೆ ಕುಳಿತೆವು. ಎಡಗಡೆ ಎಲ್ಲಿಯೋ ದೀರ್ಘವಾಗಿ ಉಸಿರು ಬಿಟ್ಟಂಥ ಸದ್ದು. ತಿರುಗಿದಾಗ ಬೂದುಬಣ್ಣದ ಬೆನ್ನೊಂದು ನೀರಿನೊಳಕ್ಕೆ ಜಾರುತ್ತಿತ್ತು. ಅದರ ಹಿಂದೆ ಮತ್ತೊಂದು. ಈ ಕರಾವಳಿಯ ಡಾಲ್ಫಿನ್‌ಗಳು ದಂಡೆಯ ಸಮೀಪದ ನೀರಿನಲ್ಲೇ ಬಾಳುವ ಜಾತಿಯವು. ಬಿಂಬವು ದಿಗಂತವನ್ನು ಮುಟ್ಟಿದಾಗ ಬೆಳಕಿನ ದಾರಿಯೊಂದು ನೇರವಾಗಿ ನಮ್ಮ ದೋಣಿಯವರೆಗೆ ಹಾಸಿತು. ಅದು ದಂಡೆಯಲ್ಲಿ ನಿಂತವರಿಗೂ ಹಾಸುತ್ತದೆಂಬುದು ನಿಜ. ಆದರೆ ಅದರ ಮೇಲೆ ತೇಲುವ ಭಾಗ್ಯ ಬೇರೆ.

ಆ ಮಬ್ಬುಗೆಂಪಿನಲ್ಲಿ ಬೈತಕೋಲದ ಮೂಲೆಯನ್ನು ಸುತ್ತಿ ನೋಡೋಣವೆ ಎಂದು ಮಿತ್ರರು ಕೇಳಿದರು. ತರುಣ ತಲೆಯಲ್ಲಾಡಿಸಿದ. “ಇಲ್ಲಿಗೆ ಸಾಕು ಸರ್. ಆಚೆ ನೀರು ಬೇರೆ.” ಅವನು ತೋರಿಸಿದ ಕಡೆ ನೋಡಿದೆವು. ಗುಡ್ಡದ ನೆರಳು ಮುಗಿಯುವಲ್ಲಿ ನೀರು ನಿಧಾನವಾಗಿ ಏರುತ್ತಲೂ ಇಳಿಯುತ್ತಲೂ ಇತ್ತು. ನೊರೆಯಿಲ್ಲ, ಸದ್ದಿಲ್ಲ, ಆದರೆ ಇಡೀ ಅರಬೀ ಸಮುದ್ರದ ತೂಕ ಅದರ ಹಿಂದಿತ್ತು. ಕೊಲ್ಲಿಯ ಆಸರೆಗೆ ಒಂದು ಮೇರೆಯುಂಟು. ನೆಲದ ಮೇಲಿನ ಬೇಲಿಯಂತೆ ಅದು ಕಣ್ಣಿಗೆ ಬೀಳುವುದಿಲ್ಲ.

ಕಾರವಾರದ ಜನ ಈ ಮಾತನ್ನು ಮರೆಯಲಾರರು. ಕುರುಮಗಡದ ನರಸಿಂಹ ದೇವರಿಗೆ ಪುಷ್ಯ ಹುಣ್ಣಿಮೆಯಂದು ಜಾತ್ರೆ. ದಂಡೆಯಿಂದ ಭಕ್ತರು ದೋಣಿಗಳಲ್ಲಿ ಹೋಗಿಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ಅದು ಮಳೆಗಾಲವಲ್ಲ, ಬಿರುಗಾಳಿಯ ಕಾಲವಲ್ಲ. ನಾವು ಹೊರಟಂಥದೇ ಚಳಿಗಾಲದ ತಿಳಿಹಗಲು. ತರುಣನು ಅಂಗಿಯ ಪಟ್ಟಿಗಳನ್ನು ಅಷ್ಟು ಬಿಗಿಯಾಗಿ ಎಳೆದುದರ ಅರ್ಥ ನನಗೆ ಆಗ ಹೊಳೆಯಿತು.

ಹಿಂದಿರುಗುವಾಗ ದಂಡೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಈ ಮಡಿಲನ್ನು ಬಯಸಿದವರು ಎಷ್ಟು ಮಂದಿ! ಬೈತಕೋಲದಲ್ಲಿ ವಾಣಿಜ್ಯ ಬಂದರು, ಅದರ ಮಗ್ಗುಲಲ್ಲಿ ಮೀನುಗಾರಿಕೆಯ ಬಂದರು. ಇನ್ನೂ ತೆಂಕಣಕ್ಕೆ, 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆ. ಅದಕ್ಕಾಗಿ ಹಲವು ಹಳ್ಳಿಗಳ ಮೀನುಗಾರರೂ ರೈತರೂ ಮನೆಮಾರು ಬಿಟ್ಟರು. 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆಗೆಂದು ದಂಡೆಯ ಬಳಿ ಅಲೆ ತಡೆಗೋಡೆಯ ಕೆಲಸ ಮೊದಲಾದಾಗ ಮೀನುಗಾರರು ಬೀದಿಗಿಳಿದರು. ವ್ಯಾಜ್ಯ ಹೈಕೋರ್ಟಿನ ಮೆಟ್ಟಿಲೇರಿತು. ಹಡಗಿಗೂ ನೆಲೆ ಬೇಕು, ದೇಶಕ್ಕೂ ಕಾವಲು ಬೇಕು, ಇದನ್ನು ಅಲ್ಲಗಳೆಯುವವರಾರು? ಆದರೆ ಪಾತಿ ದೋಣಿಯ ಮುದುಕನಿಗೆ ಬಲೆ ಬಿಡಲು ಬೇರೊಂದು ಕೊಲ್ಲಿಯಿಲ್ಲ. ನೀರಿನ ಮಟ್ಟದಲ್ಲಿ ಕುಳಿತು ನೋಡಿದವನಿಗೆ ಈ ಮಾತು ನಕಾಶೆಯನ್ನು ನೋಡಿದವನಿಗಿಂತ ಬೇಗ ತಿಳಿಯುತ್ತದೆ.

ಈ ನೀರಿನ ಮೇಲೆ ಸಂಜೆ ಕಳೆದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಅವರು ಬಂದಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಇಲ್ಲಿ ರಚಿತವಾಯಿತು. ಬೆಳದಿಂಗಳ ರಾತ್ರಿಯೊಂದರಲ್ಲಿ ಚಿಕ್ಕ ದೋಣಿಯಲ್ಲಿ ಕಾಳಿ ನದಿಯನ್ನೇರಿ ಹೋಗಿ ಬಂದುದನ್ನು ಅವರು ತಮ್ಮ ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ದಂಡೆಗೆ ಈಗ ಅವರ ಹೆಸರೇ ಇದೆ.

ಹೋಗಬಯಸುವ ಓದುಗರಿಗೆ ಎರಡು ಮಾತು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಹೋಗುವುದು ಲೇಸು. ನಮ್ಮ ನಾಡಿನ ಮುಸ್ಸಂಜೆ ಬಹಳ ಚಿಕ್ಕದು. ಸೂರ್ಯ ಮುಳುಗಿದ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಕತ್ತಲೆ ಕವಿಯುತ್ತದೆ, ಆದುದರಿಂದ ಬಿಂಬ ಮುಳುಗುತ್ತಲೇ ದೋಣಿ ತಿರುಗಬೇಕು. ಕಾಳಿಯ ಬಾಯಿಯಲ್ಲಿ ಇಳಿತದ ಸೆಳೆತ ಹೊರಕಡಲಿಗೆ ಒಯ್ಯುವುದರಿಂದ ಅತ್ತ ಸುಳಿಯದಿರುವುದು ಕ್ಷೇಮ. ಈಜು ಬಲ್ಲವರೂ ಅಂಗಿಯನ್ನು ಕಳಚಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಆ ನೀರಿನಲ್ಲೇ ಬೆಳೆದ ಯಾರಾದರೊಬ್ಬರು ಜೊತೆಗಿರಲಿ. ಅವರು “ಇಲ್ಲಿಗೆ ಸಾಕು” ಎಂದಾಗ ಹುಟ್ಟು ತಿರುಗಿಸಿ.