ಅತ್ತಿಗೆ ಕಾದಿಟ್ಟ ಚೀಟಿ

ನಮ್ಮಜ್ಜಿಗೆ ಇಸವಿಗಳ ಗೊಡವೆ ಇರಲಿಲ್ಲ. ಪ್ಲೇಗು ಬಂದ ಕಾಲಕ್ಕೆ ಅವರು 'ಊರು ಬಿಟ್ಟ ವರ್ಷ' ಎನ್ನುತ್ತಿದ್ದರು. ಇಲಿ ಬಿತ್ತೆಂದರೆ ಸಾಕು, ಮನೆಗೆ ಬೀಗ ಜಡಿದು ಊರಾಚೆಯ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಯಾವ ಮನೆಯಲ್ಲಿ ಯಾರು ಹೋದರೆಂಬ ಪಟ್ಟಿ ಅಜ್ಜಿಯ ನಾಲಿಗೆ ತುದಿಯಲ್ಲಿತ್ತು. ಅವರ ಜೊತೆಗೇ ಆ ಪಟ್ಟಿಯೂ ಹೋಯಿತು.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ವಿಚಾರ ಇಂದು ನಮಗೆ ತಿಳಿದಿದ್ದರೆ ಅದು ಯಾರೋ ಗುಮಾಸ್ತರು ಬರೆದಿಟ್ಟ ಕಾಗದಗಳ ಪುಣ್ಯ. ಬಸವನಗುಡಿ, ಮಲ್ಲೇಶ್ವರಗಳ ಅಗಲ ರಸ್ತೆಗಳಲ್ಲೂ ಆ ಕಾಲದ ನೆನಪಿದೆ, ಪ್ಲೇಗಿನಮ್ಮನ ಗುಡಿಗಳಲ್ಲೂ ಇದೆ. ಆದರೆ ಸತ್ತವರ ಹೆಸರನ್ನು ರಸ್ತೆಯೂ ಹೇಳದು, ಗುಡಿಯೂ ಹೇಳದು. 1918ರ ಇನ್‌ಫ್ಲುಯೆಂಜಾದ ಬಗ್ಗೆ ನಮ್ಮ ಮನೆಯಲ್ಲಂತೂ ಒಬ್ಬರೂ ಮಾತಾಡಿದ್ದಿಲ್ಲ. ಅದರ ಗುರುತು ಉಳಿದದ್ದು ಜನಗಣತಿಯಲ್ಲಿ: 1911ರಲ್ಲಿ 25.21 ಕೋಟಿಯಿದ್ದ ಜನಸಂಖ್ಯೆ 1921ರಲ್ಲಿ 25.13 ಕೋಟಿಗೆ ಇಳಿದಿತ್ತು. ಇಡೀ ಶತಮಾನದಲ್ಲಿ ಹಾಗೆ ಇಳಿದ ದಶಕ ಅದೊಂದೇ.

ಇನ್ನು ನಮ್ಮ ಕಾಲದ ಪಿಡುಗು. ಲಾಕ್‌ಡೌನಿನಲ್ಲಿ ಊರಿಗೆ ಹೊರಟ ವಲಸೆ ಕಾರ್ಮಿಕರಲ್ಲಿ ಎಷ್ಟು ಮಂದಿ ಸತ್ತರೆಂದು 2020ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಕೇಳಿದಾಗ, ಅಂಥ ಮಾಹಿತಿ ಇಟ್ಟಿಲ್ಲವೆಂದು ಕಾರ್ಮಿಕ ಸಚಿವಾಲಯ ಉತ್ತರಿಸಿತು. ಮಾಹಿತಿಯೇ ಇಲ್ಲವೆಂದ ಮೇಲೆ ಪರಿಹಾರದ ಪ್ರಶ್ನೆಯೂ ಉದ್ಭವಿಸಲಿಲ್ಲ. ಹಳೇ ಕಾಗದ ಕಾಯುವುದು ಪಂಡಿತರ ಹವ್ಯಾಸ ಎನ್ನುವವರು ಈ ಉತ್ತರವನ್ನೊಮ್ಮೆ ಓದಬೇಕು.

ನಮ್ಮ ಅಣ್ಣ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ. ಆಸ್ಪತ್ರೆಯವರು ಕಾಗದದಲ್ಲಿ 'ನ್ಯುಮೋನಿಯಾ' ಎಂದಷ್ಟೇ ಬರೆದರು. ಸೋಂಕು ಪತ್ತೆಯಾಗಿ 30 ದಿನದೊಳಗೆ ಸತ್ತವರನ್ನು ಕೋವಿಡ್ ಲೆಕ್ಕಕ್ಕೇ ಸೇರಿಸಬೇಕು, ಕುಟುಂಬಕ್ಕೆ 50,000 ರೂಪಾಯಿ ಕೊಡಬೇಕು ಎಂದು ಆ ವರ್ಷವೇ ತೀರ್ಮಾನವಾಯಿತು. ಅತ್ತಿಗೆ ಪರೀಕ್ಷೆಯ ಚೀಟಿಯನ್ನು ರೇಷನ್ ಕಾರ್ಡಿನೊಳಗೆ ಮಡಿಸಿಟ್ಟಿದ್ದರು. ಆ ಚೀಟಿ ಇದ್ದುದಕ್ಕೆ ಅಣ್ಣ ಲೆಕ್ಕಕ್ಕೆ ಸಿಕ್ಕ. ಪಕ್ಕದ ಬೀದಿಯವರ ಚೀಟಿ ಫೋನಿನಲ್ಲಿತ್ತು, ಫೋನು ಕೆಟ್ಟಿತು.

2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿತು. ಸರ್ಕಾರದ ಲೆಕ್ಕದಲ್ಲಿದ್ದ ಕೋವಿಡ್ ಸಾವು ಸುಮಾರು 4.8 ಲಕ್ಷ; ಸಂಸ್ಥೆಯ ಅಂದಾಜನ್ನು ಅದು ಒಪ್ಪಲಿಲ್ಲ. ಮುಂದೆಂದಾದರೂ ಈ ವ್ಯಾಜ್ಯ ತೀರಬೇಕಾದರೆ ಸ್ಮಶಾನದ ರಿಜಿಸ್ಟರೂ ಪಂಚಾಯಿತಿಯ ಮರಣ ನೋಂದಣಿ ಪುಸ್ತಕವೂ ಉಳಿದಿರಬೇಕಲ್ಲ? 1993ರ ಕಾಯ್ದೆಯಡಿ ಕೇಂದ್ರ ಸರ್ಕಾರದ ಶಾಶ್ವತ ಮಹತ್ವದ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಸೇರುವುದು 25 ವರ್ಷವಾದ ಮೇಲೆ. ಅಂದರೆ 2020ರ ಕಡತ 2045ರವರೆಗೆ ಗೆದ್ದಲು, ಸೋರುವ ಮಾಡು, ವರ್ಗವಾಗಿ ಹೋಗುವ ಸಾಹೇಬರು, ಇವೆಲ್ಲವನ್ನೂ ದಾಟಿ ಬದುಕಬೇಕು. ನಮ್ಮೂರಿನ ರಿಜಿಸ್ಟರಿಗೆ ಆ ಭಾಗ್ಯವೂ ಇಲ್ಲ, ಅದು ದೆಹಲಿಗೆ ಹೋಗುವಂಥದ್ದಲ್ಲ.

ಜಿಲ್ಲೆಗೊಂದು ಕೋಣೆಯಾದರೂ ಬೇಕು. ರಿಜಿಸ್ಟರುಗಳ ಜೊತೆಗೆ ಪಾಸು, ಆಕ್ಸಿಜನ್ ಸಿಲಿಂಡರಿನ ಠೇವಣಿ ರಸೀದಿ, ಹಾಸಿಗೆಗಾಗಿ ಅಂಗಲಾಚಿದ ಸಂದೇಶಗಳ ಅಚ್ಚುಪ್ರತಿ, ಇವೂ ಅಲ್ಲಿ ಸೇರಲಿ. ಅತ್ತಿಗೆಗೆ ಈ ಮಾತು ಹೇಳಿದೆ. 'ಕೊಡೋಣಂತೆ. ಆದ್ರೆ ಇಸ್ಕೊಂಡೋರು ರಸೀದಿ ಕೊಡ್ಬೇಕು' ಎಂದರು.