ಆಚೆ ದಂಡೆ ಅಳಿಸಿದರೆ ಸಮುದ್ರ

ಹಾನಗಲ್ಲಿಗೆ ಹೋದವರು ಸಾಮಾನ್ಯವಾಗಿ ತಾರಕೇಶ್ವರ ದೇವಸ್ಥಾನ ನೋಡಿ ವಾಪಸ್ ಬರ್ತಾರೆ. ನೋಡಲೇಬೇಕಾದ ಗುಡಿ, ಅದರಲ್ಲಿ ಎರಡು ಮಾತಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ್ದು. ಮಂಟಪದ ನಡುವೆ ನಿಂತು ಕತ್ತೆತ್ತಿದರೆ ಛಾವಣಿಯಲ್ಲಿ ದೊಡ್ಡದೊಂದು ಕಲ್ಲಿನ ಕಮಲ ಅರಳಿ ನಿಂತಿದೆ. ಆಗ ಈ ಊರು ಪಾನುಂಗಲ್, ಕದಂಬರ ಒಂದು ಶಾಖೆಯ ರಾಜಧಾನಿ. ನನ್ನ ಹೆಂಡತಿಗೆ ಮಾತ್ರ ತವರೂರು ಅಂದ್ರೆ ಮೊದಲು ಆನೆಕೆರೆ, ಉಳಿದದ್ದೆಲ್ಲ ಆಮೇಲೆ.

ಕಳೆದ ನವೆಂಬರ್‌ನಲ್ಲಿ ನಾವು ಹೋಗಿದ್ದು ಪ್ರವಾಸಕ್ಕಲ್ಲ. ಅತ್ತೆ ತೀರಿಕೊಂಡ ಮೇಲೆ ಮಾವ ಹುಬ್ಬಳ್ಳಿಯಲ್ಲಿ ಮಗನ ಜೊತೆ ಇದ್ದಾರೆ. ಬೀಗ ಹಾಕಿಟ್ಟ ಮನೆಯನ್ನು ಮಾರುವುದು ಅಂತ ತೀರ್ಮಾನವಾಗಿತ್ತು. ಮರುದಿನ ನೋಂದಣಿ, ಅವಳ ಸಹಿಯೂ ಬೇಕು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹಾವೇರಿ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಅವಳು ಹೆಚ್ಚು ಮಾತಾಡಲಿಲ್ಲ. ಸಂಜೆ ಐದರ ಹೊತ್ತಿಗೆ, "ಕೆರಿ ದಂಡಿಗೆ ಹೋಗೂಣ ಬರ್ರಿ" ಅಂದಳು.

ನಾನು ಕುಮಟಾದವನು. ನೀರಿನ ಅಂಚಿನಲ್ಲಿ ನಡೆಯೋದು ನನಗೆ ಹೊಸದಲ್ಲ. ಆದರೆ ಕಡಲ ದಂಡೆಯಲ್ಲಿ ಅಲೆಗಳ ಸದ್ದಿಗೆ ಗಂಟಲು ಏರಿಸಿ ಮಾತಾಡಬೇಕು. ಇಲ್ಲಿ ಪಿಸುಮಾತೂ ಕೇಳುತ್ತೆ. ಸವಣೂರ ಖಾರದ ಪೊಟ್ಟಣ ಒಡೆದು ಇಬ್ಬರೂ ತಿನ್ನುತ್ತಾ ಹೊರಟೆವು. ಅವಳು ತಾನಾಗಿಯೇ ಶುರು ಮಾಡಿದಳು.

ಮಾವ ಶಾಲೆಯ ಮಾಸ್ತರರು. ಭಾನುವಾರ ಮಗಳನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಇಲ್ಲಿಗೆ ಬರ್ತಿದ್ರಂತೆ. "ಸಮುದ್ರ ಹೆಂಗಿರ್ತದ ಅಂತ ಕೇಳಿದ್ರ, ಈ ಕೆರಿ ನೋಡು, ಆಚೀ ದಂಡಿ ಅಳಿಸಿಬಿಡು, ಅದ ಸಮುದ್ರ ಅಂತಿದ್ದ ಅಪ್ಪ. ನಾ ಕಣ್ಣ್ ಮುಚ್ಚಿ ಅಳಿಸ್ತಿದ್ದೆ ನೋಡ್ರಿ."

2003ರ ಬರ ಅವಳಿಗೆ ಚೆನ್ನಾಗಿ ನೆನಪಿದೆ. ನೀರು ಹಿಂದೆ ಸರಿದು, ಬಿರುಕುಬಿಟ್ಟ ಕೆಸರಿನಲ್ಲಿ ಹುಡುಗರು ಕ್ರಿಕೆಟ್ ಆಡಿದ್ದರು. ಮಕ್ಕಳಿಗೆ ಅದು ಹಬ್ಬ. ಭತ್ತ ಬೆಳೆಯುವ ಊರಿನ ದೊಡ್ಡವರಿಗೆ ಹೊಟ್ಟೆಯ ಪ್ರಶ್ನೆ. ಮುಂಡಗೋಡ ತಾಲೂಕಿನ ಧರ್ಮಾ ಜಲಾಶಯದಿಂದ ಕಾಲುವೆ ನೀರು ಬರುವ ಸೀಮೆ ಇದು. ಅಲ್ಲಿ ಮಳೆ ಕೈಕೊಟ್ಟರೆ ಇಲ್ಲಿಯ ಗದ್ದೆ ಒಣಗುತ್ತೆ. ಮತ್ತೆ ನೀರು ಬಂದಾಗ ಅತ್ತೆ ಇವಳನ್ನೂ ಕರಕೊಂಡು ಬಂದು ಗಂಗವ್ವನಿಗೆ ಉಡಿ ತುಂಬಿದ್ದರಂತೆ. "ಅವ್ವ ಇಲ್ಲೇ ಎಲ್ಲೋ ನಿಂತಿದ್ಲು" ಅಂತ ಹೇಳಿ ಸ್ವಲ್ಪ ಹೊತ್ತು ಸುಮ್ಮನಾದಳು. ನಾನೂ ಏನೂ ಕೇಳಲಿಲ್ಲ.

ಬಿಸಿಲು ಇಳಿಯುತ್ತಿತ್ತು. ಅವಳು ಮಾವನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಕೆರೆಯ ಕಡೆ ತಿರುಗಿಸಿದಳು. ಮಾವ ಮನೆಯ ವಿಷಯ ಎತ್ತಲೇ ಇಲ್ಲ. "ನೀರು ಎಲ್ಲೀತನಕ ಅದ?" ಅಂತ ಕೇಳಿದರು. ಇವಳ ಗಂಟಲು ಕಟ್ಟಿದ್ದು ಅವರಿಗೆ ಗೊತ್ತಾಗಿರಬೇಕು. "ಇರ್ಲಿ ಬಿಡವಾ. ಮನಿ ಬರಕೊಟ್ರ ಏನಾತು? ಕೆರಿ ಯಾರೂ ಬರಕೊಳ್ಳಾಂಗಿಲ್ಲ" ಅಂದರು.

ಮರುದಿನ ಅವಳು ಸಹಿ ಹಾಕಿ ಬೀಗದ ಕೈ ಕೊಟ್ಟಳು. ಊರಿಗೆ ಬಂದರೆ ಇನ್ನು ಲಾಡ್ಜಿನಲ್ಲೇ ಉಳಿಯಬೇಕು. ಆದರೂ ಬರ್ತೀವಿ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ.

ನೀವೂ ಹಾನಗಲ್ಲಿಗೆ ಹೋದರೆ ಗುಡಿ ನೋಡಿ, ಜೊತೆಗೆ ಒಂದು ಸಂಜೆಯನ್ನು ಆನೆಕೆರೆಗೆ ಇಟ್ಟುಕೊಳ್ಳಿ. ಆ ಊರಲ್ಲಿ ಬೆಳೆದವರು ಜೊತೆಗಿದ್ದರೆ ಫೋಟೋಗೆ ಅವಸರ ಮಾಡಬೇಡಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ.